ವಿದ್ಯೆಯ ಹೊಣೆ: ಜೆ. ರಾಬರ್ಟ್ ಓಪನ್‌ಹೈಮರರ ಜೀವನ

ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದಲ್ಲಿರುವ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ನೀರೂ ನೆರಳೂ ಇಲ್ಲದ ಒಂದು ದೀರ್ಘವಾದ ಬಯಲಿದೆ. ಪೂರ್ವದಲ್ಲಿ ಆ ನಾಡನ್ನು ಆಳಿದ ಸ್ಪೇನಿನವರು ಅದನ್ನು ಹೋರ್ನಾಡಾ ಡೆಲ್ ಮುಯೆರ್ಟೋ ಎಂದು ಕರೆದರು. ಸತ್ತವನ ಪಯಣವೆಂದು ಅದರ ಅರ್ಥ. ಆ ಬಯಲಿನಲ್ಲಿ, ತಂತಿಬೇಲಿಯ ಆವರಣದ ನಡುವೆ, ಲಾವಾಶಿಲೆಗಳನ್ನು ಒಂದರ ಮೇಲೊಂದು ಅಡಕಿ ಕಟ್ಟಿದ ಸುಮಾರು 12 ಅಡಿ ಎತ್ತರದ ಸ್ತಂಭವೊಂದು ನಿಂತಿದೆ. ಜಗತ್ತಿನ ಮೊತ್ತಮೊದಲ ಪರಮಾಣು ಸಾಧನವು 1945ನೆಯ ಜುಲೈ 16ರಂದು ಸ್ಫೋಟಗೊಂಡ ಸ್ಥಳವಿದು ಎಂಬ ಸಂಗತಿಯನ್ನು ಅದರ ಮೇಲಿನ ಲೋಹಫಲಕವು ತಿಳಿಸುತ್ತದೆ. ಸ್ತಂಭವನ್ನು ನಿಲ್ಲಿಸಿದ ವರ್ಷ 1965. ಅದನ್ನು ನಿಲ್ಲಿಸಿದ ಸೇನಾನೆಲೆಯ ಹೆಸರೂ ಅಂದಿನ ಸೇನಾಧಿಕಾರಿಯ ಹೆಸರೂ ಫಲಕದಲ್ಲಿವೆ.

ನಮ್ಮ ನಾಡಿನ ವೀರಗಲ್ಲು ಯಾರು ಬಿದ್ದರು, ಯಾವುದಕ್ಕಾಗಿ ಬಿದ್ದರು ಎಂಬುದನ್ನು ಹೇಳುತ್ತದೆ. ನ್ಯೂ ಮೆಕ್ಸಿಕೋದ ಈ ಕಲ್ಲು ಸಾಧನವನ್ನೂ ದಿನವನ್ನೂ ಹೇಳಿ ಸುಮ್ಮನಾಗುತ್ತದೆ. ಆ ಸಾಧನವನ್ನು ರೂಪಿಸಿದ ವಿದ್ವಾಂಸರ ಗುಂಪಿಗೆ ನಾಯಕನಾಗಿದ್ದವನ ಹೆಸರು ಅಲ್ಲಿಲ್ಲ. ಸ್ತಂಭವನ್ನು ಕಟ್ಟುವಾಗ ಆತನಿನ್ನೂ ಜೀವಂತವಾಗಿದ್ದನು. ಆದರೆ ದೇಶದ ರಹಸ್ಯಗಳನ್ನು ನಂಬಿ ಒಪ್ಪಿಸಲು ತಕ್ಕವನಲ್ಲವೆಂಬ ತೀರ್ಪನ್ನು ತನ್ನ ಸರ್ಕಾರದಿಂದಲೇ ಪಡೆದಿದ್ದನು. ಜೆ. ರಾಬರ್ಟ್ ಓಪನ್‌ಹೈಮರ್ ಎಂಬ ಆ ಮಹಾವಿಜ್ಞಾನಿಯ ಜೀವನವನ್ನು ವಿದ್ಯಾಸಂಸ್ಥೆಗೆ ಸಂಬಂಧಪಟ್ಟವರೆಲ್ಲರೂ ಅರಿಯುವುದು ಉಚಿತ. ವಿದ್ಯೆಯ ಎತ್ತರವನ್ನೂ ಅದರ ಹೊಣೆಯ ಭಾರವನ್ನೂ ಅದು ಒಟ್ಟಿಗೇ ತೋರಿಸುತ್ತದೆ.

ರಾಬರ್ಟನು 1904ನೆಯ ಏಪ್ರಿಲ್ 22ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದನು. ತಂದೆ ಜೂಲಿಯಸ್ ಓಪನ್‌ಹೈಮರ್ ಎಳೆಯ ವಯಸ್ಸಿನಲ್ಲಿಯೇ ಜರ್ಮನಿಯಿಂದ ವಲಸೆ ಬಂದು, ಜವಳಿ ವ್ಯಾಪಾರದಲ್ಲಿ ಸ್ವಪ್ರಯತ್ನದಿಂದ ಮೇಲೆ ಬಂದ ಯೆಹೂದಿ ಗೃಹಸ್ಥ. ತಾಯಿ ಎಲ್ಲಾ ಚಿತ್ರಕಲೆಯನ್ನು ಅಭ್ಯಸಿಸಿದ ಸುಸಂಸ್ಕೃತ ಮಹಿಳೆ. ಮನೆಯ ಗೋಡೆಗಳ ಮೇಲೆ ವ್ಯಾನ್ ಗೋ ಮೊದಲಾದ ಕಲಾವಿದರ ಮೂಲಚಿತ್ರಗಳಿದ್ದವು. ಸಂಪತ್ತಿಗೂ ಸಂಸ್ಕಾರಕ್ಕೂ ಕೊರತೆಯಿಲ್ಲದ ಆ ಮನೆಯಲ್ಲಿ ಬಾಲಕನು ಪುಸ್ತಕಗಳ ನಡುವೆ ಬೆಳೆದನು. 1912ರಲ್ಲಿ ತಮ್ಮ ಫ್ರಾಂಕ್ ಹುಟ್ಟಿದನು. ಮುಂದೆ ಆತನೂ ಭೌತವಿಜ್ಞಾನಿಯೇ ಆದನು.

ಜರ್ಮನಿಯಲ್ಲಿದ್ದ ಅಜ್ಜನು ಕೊಟ್ಟ ಖನಿಜಶಿಲೆಗಳ ಪೆಟ್ಟಿಗೆಯೊಂದು ಬಾಲಕನ ಕುತೂಹಲಕ್ಕೆ ಮೊದಲ ಕಿಡಿಯಾಯಿತು. ಶಿಲೆಗಳ ವಿಷಯದಲ್ಲಿ ಅವನು ನ್ಯೂಯಾರ್ಕಿನ ಖನಿಜಶಾಸ್ತ್ರ ಸಂಘದೊಡನೆ ಬೆರಳಚ್ಚಿನ ಪತ್ರಗಳ ಮೂಲಕ ವ್ಯವಹರಿಸತೊಡಗಿದನು. ಪತ್ರಗಳ ಪ್ರೌಢಿಮೆಯನ್ನು ಕಂಡು, ಬರೆದವರು ಯಾರೋ ವಯಸ್ಕ ವಿದ್ವಾಂಸರೆಂದು ಭಾವಿಸಿದ ಸಂಘದವರು ಉಪನ್ಯಾಸಕ್ಕೆ ಆಹ್ವಾನವಿತ್ತರು. ಸಭೆಯ ದಿನ ಎದುರಿಗೆ ಬಂದು ನಿಂತವನು 12 ವರ್ಷದ ಹುಡುಗ! ನೆರೆದವರು ಮೊದಲು ನಕ್ಕರೂ ಉಪನ್ಯಾಸವು ಮುಗಿದಾಗ ಮನಸಾರೆ ಮೆಚ್ಚಿದರು.

ಫೀಲಿಕ್ಸ್ ಆಡ್ಲರ್ ಎಂಬವರು ಸ್ಥಾಪಿಸಿದ, ನೀತಿಶಿಕ್ಷಣಕ್ಕೆ ಪ್ರಾಧಾನ್ಯವಿದ್ದ ಶಾಲೆಯಲ್ಲಿ ರಾಬರ್ಟನ ವಿದ್ಯಾಭ್ಯಾಸವು ನಡೆಯಿತು. ಶಾಲೆಯನ್ನು ಮುಗಿಸಿದ ಮೇಲೆ ಕಾಯಿಲೆಯಿಂದ ಒಂದು ವರ್ಷ ವ್ಯರ್ಥವಾಯಿತು. ಆರೋಗ್ಯಸುಧಾರಣೆಗಾಗಿ 1922ರ ಬೇಸಗೆಯಲ್ಲಿ ತಂದೆತಾಯಿಗಳು ಮಗನನ್ನು ಹರ್ಬರ್ಟ್ ಸ್ಮಿತ್ ಎಂಬ ಉಪಾಧ್ಯಾಯರ ಜೊತೆಯಲ್ಲಿ ಪಶ್ಚಿಮದ ನ್ಯೂ ಮೆಕ್ಸಿಕೋ ಪ್ರದೇಶಕ್ಕೆ ಕಳುಹಿಸಿದರು. ಪುಸ್ತಕದ ಹುಳುವೆನಿಸಿದ್ದ ನಗರವಾಸಿ ತರುಣನು ಅಲ್ಲಿ ಕುದುರೆಯ ಸವಾರಿಯನ್ನು ಕಲಿತನು. ಬೆಟ್ಟಗಳ ನಿರ್ಮಲವಾದ ಗಾಳಿ, ಕೊನೆಯಿಲ್ಲದ ಆಕಾಶ, ಏಕಾಂತ ಇವು ಅವನ ಮನಸ್ಸನ್ನು ಸೆಳೆದವು. ಭೌತಶಾಸ್ತ್ರ ಮತ್ತು ನ್ಯೂ ಮೆಕ್ಸಿಕೋ ಇವೆರಡೂ ಅವನ ಬಾಳಿನ ಎರಡು ಪ್ರೇಮಗಳಾದವು. ಇವೆರಡೂ ಮುಂದೊಂದು ದಿನ ಒಂದಾಗಿ ಸೇರಿ ಎಂತಹ ರೂಪವನ್ನು ತಾಳಲಿವೆ ಎಂಬುದನ್ನು ಆಗ ಯಾರು ಊಹಿಸಬಲ್ಲರು!

ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದ ರಾಬರ್ಟನು ನಾಲ್ಕು ವರ್ಷಗಳ ಪದವಿಯನ್ನು ಮೂರೇ ವರ್ಷಗಳಲ್ಲಿ, 1925ರಲ್ಲಿ, ಅತ್ಯುನ್ನತ ಶ್ರೇಣಿಯಲ್ಲಿ ಪಡೆದನು. ಅನಂತರ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದನು. ಪ್ರಯೋಗಶಾಲೆಯ ಕೈಕೆಲಸವು ಅವನಿಗೆ ಒಗ್ಗಲಿಲ್ಲ. ಮನಸ್ಸು ಕುಗ್ಗಿ ತೀವ್ರವಾದ ಖಿನ್ನತೆಗೆ ಒಳಗಾದನು. ತನ್ನ ಶಕ್ತಿಯು ಉಪಕರಣಗಳಲ್ಲಿಲ್ಲ, ಗಣಿತದಲ್ಲಿಯೂ ಚಿಂತನದಲ್ಲಿಯೂ ಇದೆಯೆಂದು ಅರಿತುಕೊಂಡ ಮೇಲೆ ದಾರಿ ತೆರೆಯಿತು. 1926ರಲ್ಲಿ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಸ್ ಬಾರ್ನ್ ಅವರ ಶಿಷ್ಯನಾದನು. ಅಣುವಿನಲ್ಲಿ ಭಾರವಾದ ಬೀಜಕೇಂದ್ರಗಳ ನಿಧಾನಚಲನೆಯನ್ನೂ ಹಗುರವಾದ ಎಲೆಕ್ಟ್ರಾನುಗಳ ಶೀಘ್ರಚಲನೆಯನ್ನೂ ಬೇರ್ಪಡಿಸಿ ಲೆಕ್ಕ ಹಾಕುವ ವಿಧಾನವೊಂದನ್ನು ಗುರುಶಿಷ್ಯರು 1927ರಲ್ಲಿ ಪ್ರಕಟಿಸಿದರು. ಇಬ್ಬರ ಹೆಸರಿನಲ್ಲಿಯೂ ಪ್ರಸಿದ್ಧವಾಗಿರುವ ಆ ವಿಧಾನವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಅದೇ ವರ್ಷ ಡಾಕ್ಟರೇಟ್ ಪದವಿಯೂ ಲಭಿಸಿತು.

1929ರಲ್ಲಿ ಓಪನ್‌ಹೈಮರರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಅಧ್ಯಾಪಕರಾದರು. ಪಾಸಡೀನಾದ ತಂತ್ರಜ್ಞಾನ ಸಂಸ್ಥೆಯಲ್ಲಿಯೂ ವರ್ಷದ ಕೆಲಭಾಗ ಪಾಠ ಹೇಳುತ್ತಿದ್ದರು. ಅಮೆರಿಕದ ಭೌತಶಾಸ್ತ್ರಕ್ಕೆ ಅವರು ಸಲ್ಲಿಸಿದ ಅತಿ ದೊಡ್ಡ ಸೇವೆ ಬಹುಶಃ ಈ ಅಧ್ಯಾಪನವೇ. ಆರಂಭದಲ್ಲಿ ಅವರ ಪಾಠವು ಯಾರಿಗೂ ತಿಳಿಯುತ್ತಿರಲಿಲ್ಲ. ಮಾತು ವೇಗ, ದನಿ ಮೆಲ್ಲಗೆ. ತಮಗೆ ಸುಲಭವಾದುದು ಎಲ್ಲರಿಗೂ ಸುಲಭವೆಂಬ ಭ್ರಮೆ. ವಿದ್ಯಾರ್ಥಿಗಳು ದೂರು ಹೇಳಿದರು. ಓಪನ್‌ಹೈಮರರು ಅದನ್ನು ಅವಮಾನವೆಂದು ತಿಳಿಯದೆ ತಮ್ಮ ಕ್ರಮವನ್ನೇ ತಿದ್ದಿಕೊಂಡರು. ಕೆಲವೇ ವರ್ಷಗಳಲ್ಲಿ ದೇಶದ ನಾನಾ ಕಡೆಗಳಿಂದ ತರುಣರು ಅವರನ್ನು ಅರಸಿ ಬರತೊಡಗಿದರು. ಅಂದು ಅವರಲ್ಲಿ ಕಲಿತ ವಿಲಿಸ್ ಲ್ಯಾಂಬ್ ಮುಂದೆ 1955ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಗುರುವಿನ ನಡಿಗೆ, ಕೈಸನ್ನೆ, ಮಾತಿನ ಧಾಟಿಗಳನ್ನು ಕೂಡ ಶಿಷ್ಯರು ಅನುಕರಿಸುತ್ತಿದ್ದರಂತೆ. 1939ರಲ್ಲಿ ಹಾರ್ಟ್‌ಲ್ಯಾಂಡ್ ಸ್ನೈಡರ್ ಎಂಬ ಶಿಷ್ಯನೊಡನೆ ಅವರು ಬರೆದ ಲೇಖನವು, ಇಂಧನ ತೀರಿದ ಮಹಾನಕ್ಷತ್ರವು ತನ್ನ ಭಾರದಿಂದ ತಾನೇ ಕುಸಿದು ಬೆಳಕೂ ಹೊರಬಾರದಂತಾಗುವ ಸ್ಥಿತಿಯನ್ನು ಗಣಿತದಿಂದ ಸಿದ್ಧಪಡಿಸಿತು. ಕೃಷ್ಣರಂಧ್ರವೆಂದು ಇಂದು ಪ್ರಸಿದ್ಧವಾದ ತತ್ತ್ವಕ್ಕೆ ಅದು ತಳಹದಿಗಳಲ್ಲೊಂದು.

ಬರ್ಕ್ಲಿಯಲ್ಲಿದ್ದಾಗಲೇ ಓಪನ್‌ಹೈಮರರಿಗೆ ಸಂಸ್ಕೃತದ ಪರಿಚಯವಾಯಿತು. ಆ ವಿಶ್ವವಿದ್ಯಾನಿಲಯದಲ್ಲಿ ಆರ್ಥರ್ ರೈಡರ್ ಎಂಬ ಸಂಸ್ಕೃತ ಪ್ರಾಧ್ಯಾಪಕರಿದ್ದರು. ಪಂಚತಂತ್ರ, ಮೃಚ್ಛಕಟಿಕ, ಶಾಕುಂತಲ, ಭಗವದ್ಗೀತೆಗಳನ್ನು ಇಂಗ್ಲಿಷಿಗೆ ತಂದ ವಿದ್ವಾಂಸರು ಅವರು. 1933ರ ಸುಮಾರಿಗೆ ಓಪನ್‌ಹೈಮರರು ವಾರಕ್ಕೊಂದು ಸಂಜೆ ಅವರ ಬಳಿ ಕುಳಿತು ಪಾಠ ಹೇಳಿಸಿಕೊಂಡು, ಗೀತೆಯನ್ನು ಮೂಲದಲ್ಲಿಯೇ ಓದಿದರು. ಮಿತ್ರರಿಗೆ ಅದರ ಪ್ರತಿಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ತಮ್ಮ ಮೋಟಾರು ಗಾಡಿಗೆ ಗರುಡನೆಂದು ಹೆಸರಿಟ್ಟಿದ್ದರು. ತಮ್ಮ ಜೀವನದೃಷ್ಟಿಯನ್ನು ರೂಪಿಸಿದ ಗ್ರಂಥಗಳ ಪಟ್ಟಿಯೊಂದನ್ನು 1963ರಲ್ಲಿ ಕೊಟ್ಟಾಗ ಅದರಲ್ಲಿ ಭಗವದ್ಗೀತೆಯೂ ಭರ್ತೃಹರಿಯ ಶತಕತ್ರಯವೂ ಸೇರಿದ್ದವು. ಅವರು ಹಿಂದೂಧರ್ಮವನ್ನು ಸ್ವೀಕರಿಸಿದವರಲ್ಲ. ಆದರೆ ಕರ್ತವ್ಯವೆಂದರೇನು, ಫಲದ ಹೊಣೆ ಯಾರದು ಎಂಬ ಗೀತೆಯ ಪ್ರಶ್ನೆಗಳು ಅವರ ಮನಸ್ಸಿನಲ್ಲಿ ನೆಲೆಸಿದವು. ಆ ಪ್ರಶ್ನೆಗಳು ಕೆಲವೇ ವರ್ಷಗಳಲ್ಲಿ ಗ್ರಂಥವನ್ನು ಬಿಟ್ಟು ಬಾಳಿಗೇ ಬಂದವು.

1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬುದ್ಧಿವಂತ ಶಿಷ್ಯರಿಗೂ ಉದ್ಯೋಗ ದೊರೆಯಲಿಲ್ಲ. ಜರ್ಮನಿಯಲ್ಲಿ ಹಿಟ್ಲರನ ಆಡಳಿತವು ಯೆಹೂದಿಗಳನ್ನು ಹಿಂಸಿಸತೊಡಗಿತು; ಅವರ ಬಂಧುಗಳೂ ಅಲ್ಲಿದ್ದರು. ಅದುವರೆಗೆ ವೃತ್ತಪತ್ರಿಕೆಯನ್ನೂ ಓದದೆ ಇದ್ದ ಓಪನ್‌ಹೈಮರರು ಲೋಕದ ಕಡೆಗೆ ಕಣ್ಣು ತೆರೆದರು. ವಾಮಪಂಥದ ಮಿತ್ರರ ಒಡನಾಟ ಬೆಳೆಯಿತು. ಸ್ಪೇನಿನ ಅಂತರ್ಯುದ್ಧದಲ್ಲಿ ನೊಂದವರಿಗಾಗಿ ಕಮ್ಯುನಿಸ್ಟ್ ಪಕ್ಷದವರ ಮೂಲಕ ಹಣ ಕೊಟ್ಟರು. ತಮ್ಮ ಫ್ರಾಂಕ್ ಆ ಪಕ್ಷದ ಸದಸ್ಯನೇ ಆದನು. ತಾವು ಎಂದೂ ಸದಸ್ಯರಾಗಿರಲಿಲ್ಲವೆಂದು ಓಪನ್‌ಹೈಮರರು ಕೊನೆಯವರೆಗೂ ಹೇಳಿದರು. 1940ರಲ್ಲಿ ಅವರು ಕ್ಯಾಥರೀನ್ ಎಂಬ ಸಸ್ಯವಿಜ್ಞಾನದ ವಿದ್ಯಾರ್ಥಿನಿಯನ್ನು ವಿವಾಹವಾದರು. ಪೀಟರ್ ಎಂಬ ಮಗನೂ, ತಾಯಿಯ ಹೆಸರನ್ನೇ ಪಡೆದ ಮಗಳೂ ಜನಿಸಿದರು.

1938ರ ಕೊನೆಯಲ್ಲಿ ಜರ್ಮನಿಯ ಆಟೋ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣುವಿನ ಬೀಜಕೇಂದ್ರವು ಒಡೆಯುವ ಕುರುಹನ್ನು ಕಂಡರು. ಲೀಸ್ ಮೈಟ್ನರ್ ಮತ್ತು ಆಟೋ ಫ್ರಿಶ್ ಅದನ್ನು ಅರ್ಥೈಸಿದರು. ಒಂದು ಬೀಜಕೇಂದ್ರವು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳು ಮತ್ತಷ್ಟು ಬೀಜಕೇಂದ್ರಗಳನ್ನು ಒಡೆದು, ಕ್ಷಣಾರ್ಧದಲ್ಲಿ ಅಪಾರ ಶಕ್ತಿಯು ಬಿಡುಗಡೆಯಾಗಬಹುದೆಂಬುದು ಬೇಗನೆ ಸ್ಪಷ್ಟವಾಯಿತು. ಮಹಾಯುದ್ಧವು ಆರಂಭವಾಗಿತ್ತು. ಹಿಟ್ಲರನ ಕೈಗೆ ಇಂತಹ ಆಯುಧವು ಮೊದಲು ಸಿಕ್ಕರೆ ಗತಿಯೇನೆಂಬ ಭಯವು ಯುರೋಪಿನಿಂದ ಓಡಿಬಂದ ವಿಜ್ಞಾನಿಗಳನ್ನು ಕಾಡಿತು. ಅಮೆರಿಕದ ಸರ್ಕಾರವು ಕೈಗೊಂಡ ರಹಸ್ಯ ಯೋಜನೆಗೆ 1942ರಲ್ಲಿ ಸೇನಾಧಿಕಾರಿ ಲೆಸ್ಲಿ ಗ್ರೋವ್ಸ್ ಮುಖ್ಯಸ್ಥರಾದರು. ಬಾಂಬಿನ ರಚನೆಗೆ ಬೇಕಾದ ಪ್ರಯೋಗಶಾಲೆಯ ನಿರ್ದೇಶಕತ್ವಕ್ಕೆ ಅವರು ಓಪನ್‌ಹೈಮರರನ್ನು ಆರಿಸಿದರು. ನೊಬೆಲ್ ಪಾರಿತೋಷಕವಿಲ್ಲ, ಆಡಳಿತದ ಅನುಭವವಿಲ್ಲ, ಮೇಲಾಗಿ ವಾಮಪಂಥದ ಸಹವಾಸ. ಹಲವರಿಗೆ ಈ ಆಯ್ಕೆಯು ವಿಚಿತ್ರವಾಗಿ ತೋರಿತು. ಆದರೆ ಯಾವ ಶಾಖೆಯ ಯಾವ ಪ್ರಶ್ನೆಯನ್ನಾದರೂ ಕ್ಷಣದಲ್ಲಿ ಗ್ರಹಿಸುವ ಅವರ ಬುದ್ಧಿಯನ್ನು ಗ್ರೋವ್ಸ್ ಸರಿಯಾಗಿಯೇ ಅಳೆದಿದ್ದರು.

ಪ್ರಯೋಗಶಾಲೆಗೆ ಸ್ಥಳವನ್ನು ಹುಡುಕುವಾಗ ಓಪನ್‌ಹೈಮರರು ತಮ್ಮ ಪ್ರಿಯವಾದ ನ್ಯೂ ಮೆಕ್ಸಿಕೋ ಬೆಟ್ಟಗಳ ಕಡೆಗೇ ಬೆರಳು ತೋರಿದರು. ಸಾಂಟಾ ಫೇ ಪಟ್ಟಣದ ವಾಯವ್ಯಕ್ಕೆ ಲಾಸ್ ಅಲಾಮೋಸ್ ಎಂಬ ಎತ್ತರದ ಪ್ರಸ್ಥಭೂಮಿಯಲ್ಲಿ 1917ರಿಂದ ಬಾಲಕರ ಒಂದು ವಸತಿಶಾಲೆ ನಡೆಯುತ್ತಿತ್ತು. ಸೇನೆಯು ಅದನ್ನು ವಶಪಡಿಸಿಕೊಂಡಿತು. 1943ರ ಆರಂಭದಲ್ಲಿ ಕೊನೆಯ ತಂಡದ ಹುಡುಗರು ಪಾಠ ಮುಗಿಸಿ ಹೊರಟುಹೋದರು. ಪಾಠಶಾಲೆಯಿದ್ದ ನೆಲದಲ್ಲಿ ಆಯುಧಶಾಲೆ ಎದ್ದಿತು. ಕೆಲವು ನೂರು ಮಂದಿಗೆಂದು ಯೋಚಿಸಿದ್ದ ಊರು ಸಾವಿರಾರು ಜನರ ರಹಸ್ಯನಗರವಾಯಿತು. ಎಲ್ಲರಿಗೂ ಸಾಂಟಾ ಫೇ ಅಂಚೆ ಪೆಟ್ಟಿಗೆ 1663 ಎಂಬುದೊಂದೇ ವಿಳಾಸ. ಅಲ್ಲಿ ಹುಟ್ಟಿದ ಮಕ್ಕಳ ಜನನಪತ್ರದಲ್ಲಿಯೂ ಅದೇ.

ಎರಡು ವಿಧದ ಬಾಂಬುಗಳನ್ನು ಅವರು ಯೋಚಿಸಿದರು. ಯುರೇನಿಯಂ ಬಾಂಬಿನಲ್ಲಿ ಒಂದು ತುಂಡನ್ನು ಇನ್ನೊಂದಕ್ಕೆ ಫಿರಂಗಿಯ ಗುಂಡಿನಂತೆ ಹೊಡೆದು ಸೇರಿಸಿದರೆ ಸಾಕಾಗಿತ್ತು. ಪ್ಲುಟೋನಿಯಮ್ಮಿಗೆ ಈ ಉಪಾಯವು ಸಲ್ಲದೆಂದು 1944ರಲ್ಲಿ ತಿಳಿದುಬಂದಿತು. ಅದು ತಾನಾಗಿ ಒಡೆಯುವ ವೇಗ ಹೆಚ್ಚಾದುದರಿಂದ ತುಂಡುಗಳು ಸೇರುವ ಮೊದಲೇ ಸಿಡಿದು ವ್ಯರ್ಥವಾಗುತ್ತಿತ್ತು. ಆಗ ಓಪನ್‌ಹೈಮರರು ಇಡೀ ಪ್ರಯೋಗಶಾಲೆಯನ್ನು ಪುನರ್ವ್ಯವಸ್ಥೆಗೊಳಿಸಿ, ಪ್ಲುಟೋನಿಯಂ ಗೋಳದ ಸುತ್ತಲೂ ಸಿಡಿಮದ್ದನ್ನು ಹೊಂದಿಸಿ ಎಲ್ಲ ಕಡೆಯಿಂದ ಏಕಕಾಲಕ್ಕೆ ಒಳಮುಖವಾಗಿ ಅದುಮುವ ವಿಧಾನದ ಮೇಲೆ ಶ್ರಮವನ್ನೆಲ್ಲ ಕೇಂದ್ರೀಕರಿಸಿದರು. ಈ ಸೂಕ್ಷ್ಮವಾದ ರಚನೆಯನ್ನು ಪರೀಕ್ಷಿಸದೆ ನಂಬುವಂತಿರಲಿಲ್ಲ. ಪರೀಕ್ಷೆಗಾಗಿ ಆರಿಸಿದುದೇ ಹೋರ್ನಾಡಾ ಡೆಲ್ ಮುಯೆರ್ಟೋ ಬಯಲು. ಅದಕ್ಕೆ ಟ್ರಿನಿಟಿ ಎಂಬ ಸಂಕೇತನಾಮವನ್ನು ಕೊಟ್ಟವರು ಓಪನ್‌ಹೈಮರರೇ.

ಅಷ್ಟರಲ್ಲಿ 1945ರ ಮೇ ತಿಂಗಳಲ್ಲಿ ಜರ್ಮನಿಯು ಶರಣಾಗತವಾಯಿತು. ಯಾವ ಭಯದಿಂದ ಈ ಕಾರ್ಯಕ್ಕೆ ತೊಡಗಿದ್ದರೋ ಆ ಭಯವೇ ಇಲ್ಲವಾಯಿತು. ಆದರೆ ಕಾರ್ಯವು ನಿಲ್ಲಲಿಲ್ಲ. ಜರ್ಮನಿಯಲ್ಲಿ ಬಾಂಬು ಸಿದ್ಧವಾಗುತ್ತಿಲ್ಲವೆಂದು ತಿಳಿದೊಡನೆ 1944ರ ಕೊನೆಯಲ್ಲಿಯೇ ಜೋಸೆಫ್ ರೋಟ್‌ಬ್ಲಾಟ್ ಎಂಬ ವಿಜ್ಞಾನಿ ಲಾಸ್ ಅಲಾಮೋಸನ್ನು ಬಿಟ್ಟು ಹೋಗಿದ್ದರು. ಓಪನ್‌ಹೈಮರರು ಹಾಗೆ ಮಾಡಲಿಲ್ಲ. 1945ರ ಜೂನ್ 16ರಂದು ಅವರೂ ಫರ್ಮಿ, ಲಾರೆನ್ಸ್, ಕಾಂಪ್ಟನ್ ಅವರೂ ಸೇರಿದ ಸಮಿತಿಯು, ಜನರಿಲ್ಲದ ಸ್ಥಳದಲ್ಲಿ ಬಾಂಬನ್ನು ತೋರಿಸಿ ಎಚ್ಚರಿಸಿದರೆ ಯುದ್ಧವು ನಿಲ್ಲುವ ಭರವಸೆಯಿಲ್ಲವೆಂದೂ, ಅದನ್ನು ನೇರವಾಗಿ ಬಳಸುವುದರ ಹೊರತು ಬೇರೆ ದಾರಿ ಕಾಣುವುದಿಲ್ಲವೆಂದೂ ಸರ್ಕಾರಕ್ಕೆ ವರದಿಯಿತ್ತಿತು. ಬಳಕೆಯ ವಿರುದ್ಧ ಲಿಯೋ ಸಿಲಾರ್ಡ್ ಸಿದ್ಧಪಡಿಸಿದ ಮನವಿಯು ಲಾಸ್ ಅಲಾಮೋಸಿನಲ್ಲಿ ಪ್ರಚಾರವಾಗಲು ಅವರು ಅವಕಾಶ ಕೊಡಲಿಲ್ಲ. ಅವರ ಜೀವನವನ್ನು ತೂಗುವಾಗ ಈ ಸಂಗತಿಗಳನ್ನು ಮರೆಮಾಡುವುದು ನ್ಯಾಯವಲ್ಲ.

ಜುಲೈ 16ರ ಬೆಳಗಿನ ಜಾವ. ಗುಡುಗುಮಳೆಯಿಂದಾಗಿ ಪರೀಕ್ಷೆಯನ್ನು ಮುಂದೂಡಬೇಕಾಯಿತು. 100 ಅಡಿ ಎತ್ತರದ ಉಕ್ಕಿನ ಗೋಪುರದ ಮೇಲೆ ಸಾಧನವಿತ್ತು. ಸುಮಾರು 9 ಕಿಲೋಮೀಟರು ದೂರದ ನಿಯಂತ್ರಣ ಕೇಂದ್ರದಲ್ಲಿ ಓಪನ್‌ಹೈಮರರು ಕಂಬವನ್ನು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದರು. 5 ಗಂಟೆ 29 ನಿಮಿಷಕ್ಕೆ ಬಯಲೆಲ್ಲ ಹಗಲಿಗಿಂತ ಹೆಚ್ಚಾಗಿ ಬೆಳಗಿತು. ಆ ಬೆಳಕು ನೂರಾರು ಕಿಲೋಮೀಟರು ದೂರದವರಿಗೂ ಕಂಡಿತು. ಗೋಪುರವು ಆವಿಯಾಗಿ ಹೋಯಿತು. ಮರಳು ಕರಗಿ ಹಸಿರು ಗಾಜಾಗಿ ಹೆಪ್ಪುಗಟ್ಟಿತು. ಆ ಗಾಜಿಗೆ ಟ್ರಿನಿಟೈಟ್ ಎಂದು ಹೆಸರಾಯಿತು. 20,000 ಟನ್ನುಗಳಿಗೂ ಮಿಗಿಲಾದ ಸಿಡಿಮದ್ದಿನ ಶಕ್ತಿಯು ಒಂದು ಕ್ಷಣದಲ್ಲಿ ಹೊರಬಿದ್ದಿತ್ತು.

ಆ ಹೊತ್ತಿನಲ್ಲಿ ಗೀತೆಯ 11ನೆಯ ಅಧ್ಯಾಯವಾದ ವಿಶ್ವರೂಪದರ್ಶನವು ತಮಗೆ ನೆನಪಾಯಿತೆಂದು ಅವರು ಬಹುಕಾಲದ ಮೇಲೆ, 1965ರಲ್ಲಿ, ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ನೆನೆದರು. ಭಗವಂತನು ತನ್ನನ್ನು ಲೋಕಕ್ಷಯಕಾರಿಯೆಂದು ಕರೆದುಕೊಳ್ಳುವ ಸಂದರ್ಭವದು. ಮೂಲದಲ್ಲಿ ಭಗವಂತನು ತನಗೆ ಹೇಳಿಕೊಳ್ಳುವ ಹೆಸರು ಕಾಲ. ಓಪನ್‌ಹೈಮರರು, ತಮ್ಮ ಗುರು ರೈಡರ್ ಅನುವಾದಿಸಿದಂತೆ, ಅದನ್ನು ಮೃತ್ಯುವೆಂದು ಗ್ರಹಿಸಿದರು. ಸಂಸ್ಕೃತದಲ್ಲಿ ಕಾಲಶಬ್ದಕ್ಕೆ ಎರಡೂ ಅರ್ಥಗಳು ಸಲ್ಲುತ್ತವೆ. ಅನೇಕರು ಇದನ್ನು ವಿಜ್ಞಾನಿಯ ಅಹಂಕಾರವೆಂದು ಭಾವಿಸಿದ್ದಾರೆ. ಆದರೆ ಆ ಅಧ್ಯಾಯದಲ್ಲಿ ಉಗ್ರರೂಪವನ್ನು ತಾಳಿದವನು ಭಗವಂತ. ಅದನ್ನು ಕಂಡು ನಡುಗಿದವನು ಅರ್ಜುನ. ಕಂಬವನ್ನು ಹಿಡಿದು ನಿಂತಿದ್ದ ಓಪನ್‌ಹೈಮರರ ಸ್ಥಾನವು ಅರ್ಜುನನದಕ್ಕೇ ಸಮೀಪವಾದುದು. ಒಂದೇ ಭೇದ: ಅರ್ಜುನನು ಆ ರೂಪವನ್ನು ಉಪಸಂಹರಿಸೆಂದು ಪ್ರಾರ್ಥಿಸಬಲ್ಲವನಾಗಿದ್ದನು, ಭಗವಂತನು ಅದನ್ನು ನಡೆಸಿಕೊಟ್ಟನು. ಮನುಷ್ಯನು ಹೊರತೆಗೆದ ಈ ರೂಪವನ್ನು ಉಪಸಂಹರಿಸುವವರು ಯಾರೂ ಇರಲಿಲ್ಲ.

ಆ ಬಯಲು ನಿರ್ಜನವೆಂದು ಲೆಕ್ಕ ಹಾಕಿದ್ದರೂ ಸುತ್ತಮುತ್ತ ದನಗಾಹಿಗಳೂ ರೈತರೂ ಇದ್ದರು. ಅವರಿಗೆ ಮುನ್ಸೂಚನೆಯನ್ನು ಕೊಡಲಿಲ್ಲ. ಮದ್ದಿನ ಉಗ್ರಾಣವು ಸಿಡಿಯಿತೆಂದು ಸೇನೆಯು ಪ್ರಕಟಿಸಿತು. ಆಕಾಶದಿಂದ ಬೂದಿಯು ಹೊಲಗಳ ಮೇಲೂ, ಮಳೆನೀರು ಹಿಡಿಯುವ ತೊಟ್ಟಿಗಳ ಮೇಲೂ ಬಿದ್ದಿತು. ದನಗಳ ಬೆನ್ನಿನ ಕೂದಲು ಅಲ್ಲಲ್ಲಿ ಬೆಳ್ಳಗಾಯಿತು. ವಿಕಿರಣದಿಂದ ಬಾಧಿತರಾದವರಿಗೆ ಪರಿಹಾರ ಕೊಡಲು 1990ರಲ್ಲಿ ಅಮೆರಿಕವು ಶಾಸನ ಮಾಡಿದಾಗ ಮೊದಲ ಸ್ಫೋಟದ ನೆರೆಯವರು ಅದರಲ್ಲಿ ಸೇರಲಿಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ ಬಹುಕಾಲ ಹೋರಾಡಿದ ಮೇಲೆ 2025ರಲ್ಲಿ, ಘಟನೆ ನಡೆದು 80 ವರ್ಷಗಳಾದಾಗ, ಶಾಸನವು ಅವರಿಗೂ ವಿಸ್ತರಿಸಿತು.

ಪರೀಕ್ಷೆಯಾಗಿ ಮೂರು ವಾರಗಳಾಗುವಷ್ಟರಲ್ಲಿ, ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಯುರೇನಿಯಂ ಬಾಂಬೂ, 9ರಂದು ನಾಗಸಾಕಿಯ ಮೇಲೆ ಟ್ರಿನಿಟಿಯಲ್ಲಿ ಪರೀಕ್ಷಿತವಾದ ಮಾದರಿಯ ಪ್ಲುಟೋನಿಯಂ ಬಾಂಬೂ ಬಿದ್ದವು. ಆ ವರ್ಷದ ಕೊನೆಯ ವೇಳೆಗೆ ಹಿರೋಷಿಮಾದಲ್ಲಿ ಸುಮಾರು 1,40,000 ಮಂದಿಯೂ ನಾಗಸಾಕಿಯಲ್ಲಿ ಸುಮಾರು 70,000 ಮಂದಿಯೂ ಮಡಿದರೆಂದು ಅಂದಾಜು. ಯುದ್ಧವು ಮುಗಿಯಿತು. ಓಪನ್‌ಹೈಮರರ ಹೆಸರು ಮನೆಮಾತಾಯಿತು. ಪತ್ರಿಕೆಗಳು ಅವರ ಭಾವಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿದವು. ಅವರಿಗಾದರೋ ಒಳಗೇ ಬೇಗುದಿ. ಅಕ್ಟೋಬರಿನಲ್ಲಿ ನಿರ್ದೇಶಕ ಪದವಿಯನ್ನು ಬಿಡುವಾಗ, ಪ್ರಶಸ್ತಿಪತ್ರವನ್ನು ಸ್ವೀಕರಿಸುತ್ತಲೇ, ಸಾಧನೆಯ ಅಭಿಮಾನದೊಡನೆ ಆಳವಾದ ಆತಂಕವೂ ಇರಬೇಕೆಂದು ಎಚ್ಚರಿಸಿದರು. ಅದೇ ತಿಂಗಳು ಅಧ್ಯಕ್ಷ ಟ್ರೂಮನ್ನರನ್ನು ಕಂಡು, ತಮ್ಮ ಕೈಗಳಿಗೆ ರಕ್ತ ಅಂಟಿದಂತಾಗಿದೆಯೆಂಬ ಭಾವವನ್ನು ತೋಡಿಕೊಂಡರು. ಅಧ್ಯಕ್ಷರಿಗೆ ಅದು ಸಹಿಸಲಿಲ್ಲ. ಆಜ್ಞೆಯಿತ್ತವರು ತಾವಾಗಿರುವಾಗ ಈ ಪ್ರಲಾಪವೇಕೆಂದು ಅವರು ಬೇಸರಗೊಂಡರು.

1947ರಲ್ಲಿ ಓಪನ್‌ಹೈಮರರು ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾದರು. ಐನ್‌ಸ್ಟೈನ್ ಇದ್ದ ಸಂಸ್ಥೆಯದು. ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರೊಡನೆ ಸಂಶೋಧನೆ ಮಾಡಿದ್ದ ಗಣಿತಜ್ಞ ಹರೀಶ್‌ಚಂದ್ರರು 1963ರಲ್ಲಿ ಅಲ್ಲಿ ಪ್ರಾಧ್ಯಾಪಕರಾದುದು ಇವರ ನಿರ್ದೇಶಕತ್ವದ ಕಾಲದಲ್ಲಿಯೇ. ಅದೇ 1947ರಲ್ಲಿ ಅಮೆರಿಕದ ಪರಮಾಣು ಶಕ್ತಿ ಆಯೋಗದ ಸಲಹಾ ಸಮಿತಿಗೆ ಅವರು ಅಧ್ಯಕ್ಷರೂ ಆದರು. ಪರಮಾಣು ಶಕ್ತಿಯನ್ನು ಯಾವುದೊಂದು ದೇಶದ ಸೊತ್ತಾಗಿಸದೆ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಪ್ಪಿಸಬೇಕೆಂಬುದು ಅವರ ಆಶಯವಾಗಿತ್ತು, ಅದು ಕೈಗೂಡಲಿಲ್ಲ. 1949ರ ಆಗಸ್ಟ್ 29ರಂದು ಸೋವಿಯತ್ ರಷ್ಯಾವೂ ತನ್ನ ಬಾಂಬನ್ನು ಸಿಡಿಸಿತು. ಅದಕ್ಕೆ ಪ್ರತಿಯಾಗಿ ನೂರಾರು ಪಟ್ಟು ಪ್ರಬಲವಾದ ಜಲಜನಕ ಬಾಂಬನ್ನು ತ್ವರೆಯಿಂದ ರಚಿಸಬೇಕೆಂದು ಎಡ್ವರ್ಡ್ ಟೆಲ್ಲರ್ ಮೊದಲಾದವರು ವಾದಿಸಿದಾಗ, ಓಪನ್‌ಹೈಮರರ ಸಮಿತಿಯು ಅದು ಬೇಡವೆಂದು ಸಲಹೆಯಿತ್ತಿತು. ಅಧ್ಯಕ್ಷರು 1950ರ ಜನವರಿಯಲ್ಲಿ ಆ ಸಲಹೆಯನ್ನು ಬದಿಗೊತ್ತಿ ರಚನೆಗೆ ಆಜ್ಞೆಯಿತ್ತರು.

ಬೇಡವೆಂದು ಹೇಳಿದುದಕ್ಕೆ ತೆತ್ತ ಬೆಲೆ ದೊಡ್ಡದು. ಕಮ್ಯುನಿಸ್ಟರ ಭೀತಿಯು ದೇಶವನ್ನೆಲ್ಲ ಆವರಿಸಿದ್ದ ಕಾಲವದು. 1953ರ ಡಿಸೆಂಬರಿನಲ್ಲಿ ಅವರ ರಹಸ್ಯಾಧಿಕಾರವನ್ನು ತಡೆಹಿಡಿದರು. 1954ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ವಾರಗಟ್ಟಲೆ ವಿಚಾರಣೆ ನಡೆಯಿತು. ಹಳೆಯ ಮಿತ್ರರು, ವಾಮಪಂಥದ ಸಹವಾಸ, ಕುಟುಂಬದ ಖಾಸಗಿ ಸಂಗತಿಗಳು ಎಲ್ಲವನ್ನೂ ಕೆದಕಿದರು. ಅವರಲ್ಲಿ ದೋಷವೂ ಇಲ್ಲದಿರಲಿಲ್ಲ. ರಷ್ಯಾಕ್ಕೆ ಮಾಹಿತಿ ತಲಪಿಸುವ ಮಾರ್ಗವೊಂದಿದೆಯೆಂದು ಹಾಕನ್ ಶೆವಲಿಯರ್ ಎಂಬ ಮಿತ್ರನು ಹಿಂದೊಮ್ಮೆ ಸೂಚಿಸಿದಾಗ ಅವರು ಅದನ್ನು ಒಡನೆಯೇ ನಿರಾಕರಿಸಿದ್ದರು; ಆದರೆ 1943ರಲ್ಲಿ ಅಧಿಕಾರಿಗಳಿಗೆ ಅದನ್ನು ತಿಳಿಸುವಾಗ ಮಿತ್ರನನ್ನು ಮರೆಮಾಡಲು ಇಲ್ಲದ ಕಥೆಯನ್ನು ಹೆಣೆದರು. ಆ ಅಸತ್ಯವು ಮಿತ್ರನನ್ನೂ ಕಾಪಾಡಲಿಲ್ಲ, ತಮ್ಮನ್ನೂ ಕಾಪಾಡಲಿಲ್ಲ. ವಿಚಾರಣೆಯಲ್ಲಿ ಅದು ತಮ್ಮ ಮೂಢತನವೆಂದು ಒಪ್ಪಿಕೊಂಡರು. ಅನೇಕ ವಿಜ್ಞಾನಿಗಳು ಅವರ ಪರವಾಗಿ ನುಡಿದರು. ಟೆಲ್ಲರ್ ವಿರುದ್ಧವಾಗಿ ನುಡಿದರು. ಮೂವರ ಮಂಡಲಿಯು ಅವರ ದೇಶನಿಷ್ಠೆಯನ್ನು ಒಪ್ಪಿಯೂ ಇಬ್ಬರ ಬಹುಮತದಿಂದ ಅಧಿಕಾರವನ್ನು ನಿರಾಕರಿಸಿತು. ಆಯೋಗವು ಜೂನ್ 29ರಂದು ನಾಲ್ವರಿಗೆ ಒಬ್ಬರ ಬಹುಮತದಿಂದ ಅದನ್ನೇ ಸ್ಥಿರಪಡಿಸಿತು. ಆ ಅಧಿಕಾರದ ಅವಧಿಯು ಮರುದಿನವೇ ತಾನಾಗಿ ಮುಗಿಯುವುದರಲ್ಲಿತ್ತೆಂಬುದು ಗಮನಾರ್ಹ.

ಬಾಂಬನ್ನು ಕಟ್ಟುವಾಗ ಅವರ ವಾಮಪಂಥದ ಪೂರ್ವವೃತ್ತಾಂತವು ಸರ್ಕಾರಕ್ಕೆ ತಿಳಿಯದುದೇನಲ್ಲ. ಗ್ರೋವ್ಸ್ ಅದೆಲ್ಲವನ್ನೂ ಅರಿತೇ 1943ರಲ್ಲಿ ಅಧಿಕಾರವನ್ನು ಕೊಡಿಸಿದ್ದರು. ಆಗ ಅಡ್ಡಿಯಾಗದಿದ್ದುದು, ಇನ್ನೂ ದೊಡ್ಡ ಬಾಂಬು ಬೇಡವೆಂದು ಹೇಳಿದ ಮೇಲೆ ಅಡ್ಡಿಯಾಯಿತು.

ಅಪಮಾನದ ಅನಂತರವೂ ಓಪನ್‌ಹೈಮರರು ದೇಶವನ್ನು ತೊರೆಯಲಿಲ್ಲ. ಪ್ರಿನ್ಸ್‌ಟನ್ನಿನಲ್ಲಿಯೇ ಉಳಿದು ತರುಣ ವಿದ್ವಾಂಸರನ್ನು ಪೋಷಿಸಿದರು. ವಿಜ್ಞಾನ ಮತ್ತು ಸಮಾಜಗಳ ಸಂಬಂಧವನ್ನು ಕುರಿತು ಉಪನ್ಯಾಸಗಳನ್ನಿತ್ತರು. 1960ರಲ್ಲಿ ಜಪಾನಿಗೆ ಹೋಗಿಬಂದರು; ಹಿರೋಷಿಮಾಕ್ಕೆ ಹೋಗಲಿಲ್ಲ. 1963ರಲ್ಲಿ ಸರ್ಕಾರವು ಫರ್ಮಿ ಪ್ರಶಸ್ತಿಯನ್ನು ಅವರಿಗೆ ಘೋಷಿಸಿತು. ಅಧ್ಯಕ್ಷ ಕೆನಡಿಯವರು ನವೆಂಬರ್ 22ರಂದು ಹತರಾದುದರಿಂದ, ಡಿಸೆಂಬರ್ 2ರಂದು ಅಧ್ಯಕ್ಷ ಜಾನ್ಸನ್ ಅದನ್ನು ಪ್ರದಾನ ಮಾಡಿದರು. ಅಂದು ಟೆಲ್ಲರ್ ಮುಂದೆ ಬಂದು ಕೈನೀಡಿದಾಗ ಓಪನ್‌ಹೈಮರರು ಆ ಕೈಯನ್ನು ಕುಲುಕಿದರು. ಪ್ರಶಸ್ತಿ ಬಂದರೂ ರಹಸ್ಯಾಧಿಕಾರವು ಮರಳಿ ಬರಲಿಲ್ಲ. ಎಡೆಬಿಡದ ಧೂಮಪಾನವು ಗಂಟಲಿನ ಅರ್ಬುದರೋಗಕ್ಕೆ ಎಡೆಕೊಟ್ಟಿತು. 1966ರಲ್ಲಿ ನಿರ್ದೇಶಕ ಪದವಿಯಿಂದ ನಿವೃತ್ತರಾಗಿ, 1967ರ ಫೆಬ್ರುವರಿ 18ರಂದು ತಮ್ಮ 62ನೆಯ ವಯಸ್ಸಿನಲ್ಲಿ ನಿಧನರಾದರು. ದೇಹವನ್ನು ದಹಿಸಿ, ಅಸ್ಥಿಭಸ್ಮವನ್ನು ಕೆರಿಬಿಯನ್ ಸಮುದ್ರದ ಸೇಂಟ್ ಜಾನ್ ದ್ವೀಪದ ಬಳಿ ಪತ್ನಿಯು ನೀರಿಗೆ ಒಪ್ಪಿಸಿದರು. ಅವರಿಗೆ ಸಮಾಧಿಯ ಕಲ್ಲು ಕೂಡ ಇಲ್ಲದಾಯಿತು. 1954ರ ತೀರ್ಪು ನ್ಯಾಯಬದ್ಧ ಕ್ರಮದಿಂದ ಆದುದಲ್ಲವೆಂದು ಅಮೆರಿಕದ ಇಂಧನ ಇಲಾಖೆಯು ಅದನ್ನು ರದ್ದುಪಡಿಸಿದುದು 2022ನೆಯ ಡಿಸೆಂಬರಿನಲ್ಲಿ. ಆ ವೇಳೆಗೆ ಅವರು ತೀರಿಕೊಂಡು 55 ವರ್ಷಗಳಾಗಿದ್ದವು.

ಟ್ರಿನಿಟಿಯ ಬಯಲು ಇಂದಿಗೂ ಸೇನೆಯ ವಶದಲ್ಲಿದೆ. ವರ್ಷದಲ್ಲಿ ಒಂದೆರಡು ದಿನ ಮಾತ್ರ ಸಾರ್ವಜನಿಕರಿಗೆ ಪ್ರವೇಶ. ಅಂದು ಜನರು ದೂರದಿಂದ ಬಂದು, ಲಾವಾಶಿಲೆಯ ಸ್ತಂಭದ ಮುಂದೆ ಮಕ್ಕಳನ್ನು ನಿಲ್ಲಿಸಿ ಭಾವಚಿತ್ರ ತೆಗೆಯುತ್ತಾರೆ. ಹಸಿರು ಗಾಜನ್ನು ಬಹುಮಟ್ಟಿಗೆ ಮಣ್ಣಿನಲ್ಲಿ ಹುಗಿದಾಗಿದೆ. ಉಳಿದ ಚೂರುಗಳನ್ನು ಎತ್ತಿಕೊಂಡು ಹೋಗುವುದು ನಿಷಿದ್ಧ.

ಓಪನ್‌ಹೈಮರರನ್ನು ದೇವರನ್ನಾಗಿ ಮಾಡುವುದೂ ಬೇಡ, ರಾಕ್ಷಸನನ್ನಾಗಿ ಮಾಡುವುದೂ ಬೇಡ. ಅವರಲ್ಲಿ ವಿದ್ಯೆಯಿತ್ತು, ಸದ್ಭಾವವಿತ್ತು, ದೇಶಪ್ರೇಮವಿತ್ತು. ಬಾಂಬು ಕೈಯಲ್ಲಿರುವಾಗ ಬೇಡವೆನ್ನುವ ಮಾತು ಅವರ ಬಾಯಿಂದ ಬರಲಿಲ್ಲ. ಬಂದಾಗ ಬಾಂಬು ಅವರ ಕೈಯಲ್ಲಿರಲಿಲ್ಲ. ಒಮ್ಮೆ ತಿಳಿದುದನ್ನು ತಿಳಿಯದಂತೆ ಮಾಡಲು ಯಾರಿಗೂ ಸಾಧ್ಯವಿಲ್ಲ. ಆದಕಾರಣ ಹೊಣೆಯ ಪ್ರಶ್ನೆಯನ್ನು ಕೆಲಸವು ಮುಗಿದ ಮೇಲಲ್ಲ, ಅದು ನಡೆಯುತ್ತಿರುವಾಗಲೇ ಕೇಳಿಕೊಳ್ಳಬೇಕು. ವಿದ್ಯಾರ್ಥಿಗೆ ಲೆಕ್ಕವನ್ನು ಬಿಡಿಸಲು ಕಲಿಸುವ ಅಧ್ಯಾಪಕರು, ಆ ಲೆಕ್ಕದ ಉತ್ತರವು ಯಾರ ಮನೆಯ ಮೇಲೆ ಬೀಳುತ್ತದೆಂಬುದನ್ನೂ ಕೇಳಲು ಕಲಿಸಿದರೆ, ಟ್ರಿನಿಟಿಯ ಕಲ್ಲಿನ ಮೇಲೆ ಬರೆಯದೆ ಬಿಟ್ಟ ಪಾಠವನ್ನು ಬರೆದಂತಾಗುತ್ತದೆ.